ಗೀರು ನೀರಿನಲ್ಲಿ ಬೀಳುವುದಿಲ್ಲ: ಲೇಕ್ ಹವಾಸುವಿನ ಒಂದು ಸೂಪರ್‌ಜೆಟ್

ಮೊದಲು ವಸ್ತು ಯಾವುದು ಅಂತ ಹೇಳಿಬಿಡುತ್ತೇನೆ. 2003ರ ಮಾಡೆಲ್‌ನ ಯಮಾಹಾ ಸೂಪರ್‌ಜೆಟ್. ಅಂದರೆ ನೀರಿನ ಮೇಲೆ ಓಡಿಸುವ ಜೆಟ್ ಸ್ಕೀ. 701 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್ ಎಂಜಿನ್. ಸೀಟು ಇಲ್ಲ, ನಿಂತೇ ಓಡಿಸಬೇಕು. ಮಾಲೀಕ ನನ್ನ ಗೆಳೆಯ. ಊರು ಗಂಗೊಳ್ಳಿ, ಕೆಲಸ ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಈ ಸ್ಕೀಯನ್ನು ಟ್ರೈಲರ್ ಮೇಲೆ ಹಾಕಿಕೊಂಡು, ವಾರಾಂತ್ಯಗಳಲ್ಲಿ ಸುಮಾರು 320 ಕಿಲೋಮೀಟರ್ ದೂರದ ಲೇಕ್ ಹವಾಸು ಎಂಬ ಜಲಾಶಯಕ್ಕೆ ಹೋಗುತ್ತಾನೆ. ನಾನು ಬಿಡುವಿನ ವೇಳೆಯಲ್ಲಿ ಫೈಬರ್ ದೋಣಿಗಳ ರಿಪೇರಿ ಮಾಡುತ್ತೇನೆ. ಹಾಗಾಗಿ ಸ್ಕೀ ನನ್ನ ಶೆಡ್ಡಿಗೆ ಬಂತು.

ಅವನ ಬೇಡಿಕೆ ಸರಳ. "ತಳ ಪೂರ್ತಿ ಗೀರಾಗಿದೆ ಮಾರಾಯ. ಪಿಕಪ್ ಗಾಡಿಗಳ ಹಿಂದಿನ ತೊಟ್ಟಿಗೆ ಹೊಡೀತಾರಲ್ಲ, ಆ ಒರಟು ಕೋಟಿಂಗ್ ಹೊಡೆದುಬಿಡು. ಆಮೇಲೆ ತಲೆಬಿಸಿ ಇಲ್ಲ."

ಆ ಕೋಟಿಂಗ್ ನಾನು ಹೊಡೆಯಲಿಲ್ಲ. ಯಾಕೆ ಹೊಡೆಯಲಿಲ್ಲ, ಬದಲಿಗೆ ಏನು ಮಾಡಿದೆವು, ಅದರಲ್ಲಿ ಯಾವುದು ನಿಂತಿತು, ಯಾವುದು ಕೈಕೊಟ್ಟಿತು ಅನ್ನುವುದೇ ಈ ಬರಹ.

ಹಗುರವಾದ ಗಾಡಿಯ ಕಷ್ಟ

ಮಲ್ಪೆ, ಮುರುಡೇಶ್ವರದ ಬೀಚಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವುದು ಸೀಟು ಇರುವ ಜಾತಿ. ಮೊದಲು ಜನಪ್ರಿಯವಾದದ್ದು ನಿಂತು ಓಡಿಸುವ ಜಾತಿ. ಕ್ಲೇಟನ್ ಜೇಕಬ್‌ಸನ್ ಎಂಬ ಅಮೆರಿಕನ್ನನ ಕಲ್ಪನೆಯನ್ನು ಹಿಡಿದು ಕವಾಸಾಕಿ ಕಂಪನಿ 1970ರ ದಶಕದ ಆರಂಭದಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. 'ಜೆಟ್ ಸ್ಕೀ' ಅನ್ನುವುದು ಇವತ್ತಿಗೂ ಕವಾಸಾಕಿಯ ಟ್ರೇಡ್‌ಮಾರ್ಕ್. ನಾವೆಲ್ಲ ಎಲ್ಲದಕ್ಕೂ ಜೆಟ್ ಸ್ಕೀ ಅನ್ನುತ್ತೇವೆ, ಅದು ಬೇರೆ ಮಾತು. ಯಮಾಹಾ ಸೂಪರ್‌ಜೆಟ್ ಬಂದದ್ದು 1990ರಲ್ಲಿ. 1996ರಲ್ಲಿ ಅದರ ತಳದ ಆಕಾರ ಬದಲಾಯಿತು. ಅದೇ ಆಕಾರ 2007ರವರೆಗೂ ನಡೆಯಿತು. ನಮ್ಮ ಗಾಡಿ ಆ ಸಾಲಿನದು.

ಇದರ ತೂಕ ಸುಮಾರು 130 ಕಿಲೋ. ಗೀರಿನ ವಿಷಯದಲ್ಲಿ ಈ ಹಗುರವೇ ಶತ್ರು. ಸೀಟು ಇರುವ ದೊಡ್ಡ ಗಾಡಿಯನ್ನು ದಡದ ಮೇಲೆ ಕೈಯಲ್ಲಿ ಎಳೆಯೋಣ ಅಂತ ಯಾರಿಗೂ ಅನ್ನಿಸುವುದಿಲ್ಲ, ಎಳೆಯಲು ಆಗುವುದೂ ಇಲ್ಲ. ಇದನ್ನು ಇಬ್ಬರು ಸೇರಿದರೆ ಎಳೆಯಬಹುದು. ಆಗುತ್ತದೆ ಅನ್ನುವ ಕಾರಣಕ್ಕೇ ಎಳೆಯುತ್ತಾರೆ.

ತಳ ಯಾವುದರಿಂದ ಆಗಿದೆ ಅನ್ನುವುದೂ ಮುಖ್ಯ. ದೋಣಿ ಎಂದರೆ ಮೇಲೆ ದಪ್ಪ ರೆಸಿನ್ ಪದರ, ಅಂದರೆ ಜೆಲ್‌ಕೋಟ್ ಇರುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಸೂಪರ್‌ಜೆಟ್‌ನ ತಳ ಎಸ್‌ಎಂಸಿಯದು. ತುಂಡು ಗಾಜಿನ ನಾರು, ಪಾಲಿಎಸ್ಟರ್ ರೆಸಿನ್, ಜೊತೆಗೆ ಪುಡಿ ಬೆರೆಸಿ ಹಾಳೆ ಮಾಡುತ್ತಾರೆ. ಆ ಹಾಳೆಯನ್ನು ಬಿಸಿ ಅಚ್ಚಿನಲ್ಲಿಟ್ಟು ಭಾರೀ ಒತ್ತಡದಲ್ಲಿ ಒತ್ತಿ ತೆಗೆಯುತ್ತಾರೆ. ಮೇಲೆ ಇರುವುದು ಬಣ್ಣ. ಜೆಲ್‌ಕೋಟ್‌ನಷ್ಟು ದಪ್ಪ ಪದರ ಅಲ್ಲ. ಅಂದರೆ ಗೀರು ಬಣ್ಣವನ್ನು ದಾಟಿದ ತಕ್ಷಣ ನಾರಿನ ಹತ್ತಿರ ಬಂದುಬಿಡುತ್ತದೆ.

"ನಮ್ಮೂರಲ್ಲಿ ಫೈಬರ್ ದೋಣಿಯನ್ನ ದಿನಾ ಮರಳಿನ ಮೇಲೆ ಎಳೀತಾರೆ. ಗೀರು ಬಿತ್ತು ಅಂತ ಯಾರೂ ಅಳೋದಿಲ್ಲ" ಅಂತ ಗೆಳೆಯನೇ ಅಂದ. ಸರಿಯೇ. ಆದರೆ ಆ ದೋಣಿಗಳನ್ನು ಕೈಯಲ್ಲಿ ಪದರ ಪದರವಾಗಿ ಕಟ್ಟಿರುತ್ತಾರೆ. ತಳದ ನಡುಗೆರೆಯಲ್ಲಿ ಇನ್ನೂ ದಪ್ಪ ಮಾಡಿರುತ್ತಾರೆ, ಎಳೆಯುವುದಕ್ಕೆಂದೇ. ಇದರ ತಳ ಕೆಲವೇ ಮಿಲಿಮೀಟರ್. ಹಗುರವಾಗಿರಲಿ ಅಂತಲೇ ಹಾಗೆ ಮಾಡಿದ್ದು.

ಗೀರು ಓದುವುದು

ಸ್ಕೀಯನ್ನು ಎಡ ಪಕ್ಕಕ್ಕೆ ಮಲಗಿಸಿದೆವು. ಯಮಾಹಾ ಕೈಪಿಡಿ ಹೇಳುವುದೂ ಎಡಕ್ಕೇ ಮಲಗಿಸಿ ಅಂತ. ಕೆಳಗೆ ಚಾಪೆಯೋ ಕಾರ್ಪೆಟ್ಟೋ ಹಾಸಿ ಅಂತಲೂ ಅದರಲ್ಲೇ ಇದೆ. ಚಾಪೆಯ ಮಾತನ್ನು ಯಾರೂ ಓದಿದ ಹಾಗೆ ಕಾಣುವುದಿಲ್ಲ. ನಮ್ಮ ಗಾಡಿಯ ಎಡ ಅಂಚಿನಲ್ಲಿ ಮಾತ್ರ ಒರಟು ಉಜ್ಜುಗಳಿದ್ದವು, ಬಲ ಅಂಚು ಹೊಸದರಂತಿತ್ತು. ಮೊದಲ ಸುಳಿವು ಅಲ್ಲೇ ಸಿಕ್ಕಿತು. ಹಳೆಯ ಮಾಲೀಕರು, ನೀರು ಎಳೆದು ಗಾಡಿ ಓಡಿಸುವ ಪಂಪಿನಲ್ಲಿ ಸಿಕ್ಕಿದ ಕಸ ತೆಗೆಯಲು ಇದನ್ನು ಕಾಂಕ್ರೀಟಿನ ಮೇಲೆ ಬರಿದೇ ಮಲಗಿಸಿದ್ದಾರೆ.

ತಳವನ್ನು ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಮೇಲೆ ಕಪ್ಪು ಗೈಡ್ ಕೋಟ್ ಪುಡಿ ಸವರಿ ಒರೆಸಿದೆ. ಕಾರಿನ ಟಿಂಕರಿಂಗ್ ಅಂಗಡಿಯವರಿಗೆ ಇದು ಗೊತ್ತು. ಎತ್ತರದ ಜಾಗದಿಂದ ಪುಡಿ ಹೋಗುತ್ತದೆ, ಗೀರಿನೊಳಗೆ ಉಳಿಯುತ್ತದೆ. ಸುಮ್ನೆ ನೋಡಿದಾಗ 'ಪೂರ್ತಿ ಗೀರು' ಅನ್ನಿಸಿದ್ದ ತಳ ಈಗ ಒಂದು ನಕ್ಷೆಯಾಯಿತು. ಆ ನಕ್ಷೆಯಲ್ಲಿ ಗುಂಪುಗಳು ಬೇರೆ ಬೇರೆಯಾಗಿ ಕಂಡವು.

ಮೂತಿಯ ಕೆಳಗೆ, ಅಂಗೈಯಗಲದ ಒಂದು ಜಾಗ. ಅಲ್ಲಿ ಗೀರುಗಳಿಗೆ ಒಂದು ದಿಕ್ಕೇ ಇಲ್ಲ. ಅಡ್ಡ, ಉದ್ದ, ಓರೆ, ಸಣ್ಣ ಸಣ್ಣ ಗುಂಡಿಗಳು. ಬಣ್ಣ ಹೋಗಿ ಬೂದು ಎಸ್‌ಎಂಸಿ ಕಾಣುತ್ತಿತ್ತು. ಕೆಲವು ಕಡೆ ನಾರಿನ ಎಳೆಗಳೂ ಎದ್ದಿದ್ದವು.

ನಡುಭಾಗದಲ್ಲಿ ಎರಡು ಸಮಾನಾಂತರ ಪಟ್ಟೆಗಳು. ಹಿಂದಿನಿಂದ ಮುಂದಕ್ಕೆ ನೇರವಾಗಿ. ಗೀರುಗಳು ನವಿರು, ಉಗುರಿಗೆ ಸಿಗುವುದಿಲ್ಲ, ಬರಿ ಮಸುಕು. ಆದರೆ ವಿಸ್ತಾರದಲ್ಲಿ ಇವೇ ಎಲ್ಲಕ್ಕಿಂತ ಜಾಸ್ತಿ. ಎಡ ಪಟ್ಟೆಯ ನಡುವೆ ಮಾತ್ರ ಒಂದು ಉದ್ದದ, ಆಳದ ಗೆರೆ, ಅಳತೆಕೋಲು ಇಟ್ಟು ಎಳೆದ ಹಾಗೆ.

ಹಿಂಭಾಗದ ನಡುಗೆರೆಯಲ್ಲಿ ಉದ್ದನೆಯ ಒರಟು ಗೀರುಗಳು. ಯಾರೋ ಮೂತಿಯನ್ನು ಎತ್ತಿ ಹಿಡಿದು ಹಿಂಭಾಗವನ್ನು ನೆಲದ ಮೇಲೆ ಎಳೆದಿದ್ದಾರೆ.

ಇನ್ನೊಂದು ಸಂಗತಿ ಇತ್ತು. ಓಡುವಾಗ ನೀರು ಅತಿ ಜೋರಾಗಿ ಉಜ್ಜುವ ಜಾಗ ಮೂತಿಯ ಹಿಂದಿನ ಸಮತಟ್ಟು. ಪಟ್ಟೆಗಳನ್ನು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಓಡಿಸುವುದರಿಂದ ಬಿದ್ದ ಗೀರು ಅಂತ ತೋರಿಸಲು ಒಂದೂ ಸಿಗಲಿಲ್ಲ. ಎಲ್ಲವೂ ದಡದ್ದು, ಇಲ್ಲವೇ ಟ್ರೈಲರಿನದು.

ಟ್ರೈಲರ್ ನೋಡಿದೆವು. ಸ್ಕೀ ಕೂರುವುದು ಎರಡು ಉದ್ದ ಮರದ ಹಲಗೆಗಳ ಮೇಲೆ. ಇವುಗಳಿಗೆ ಬಂಕ್ ಅನ್ನುತ್ತಾರೆ. ಮೇಲೆ ಕಾರ್ಪೆಟ್ ಸುತ್ತಿರುತ್ತದೆ, ಮೆತ್ತಗಿರಲಿ ಅಂತ. ಕಾರ್ಪೆಟ್ಟನ್ನು ಬಿಚ್ಚಿ ಒಂದು ಬಿಳಿ ಬಟ್ಟೆಯ ಮೇಲೆ ಕೊಡವಿದೆ. ಮರಳು ಉದುರಿತು, ಒಂದು ಹಿಡಿಗಿಂತ ಹೆಚ್ಚೇ. ಮರಳಿನಲ್ಲಿ ಇರುವುದು ಬಹುಪಾಲು ಕ್ವಾರ್ಟ್ಜ್. ಮೋಸ್ ಗಡಸುತನದ ಮಾಪನದಲ್ಲಿ ಅದು 7. ಬಣ್ಣ, ರೆಸಿನ್ ಯಾವುದೂ ಅದರ ಹತ್ತಿರಕ್ಕೂ ಬರುವುದಿಲ್ಲ. ಒದ್ದೆ ಕಾರ್ಪೆಟ್ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಸ್ಕೀ ಕೂರುತ್ತದೆ. ಆಮೇಲೆ 320 ಕಿಲೋಮೀಟರ್ ಹೆದ್ದಾರಿ. ಉಪ್ಪುಕಾಗದದ ಮೇಲೆ ಸ್ಕೀ ಇಟ್ಟು ಅಲುಗಾಡಿಸಿದ ಹಾಗೆಯೇ ಆಯಿತು. ಎಡ ಪಟ್ಟೆಯ ಆಳದ ಗೆರೆಗೂ ಉತ್ತರ ಸಿಕ್ಕಿತು. ಕಾರ್ಪೆಟ್ ಹಿಡಿದಿಡುವ ಒಂದು ಸ್ಟೇಪಲ್ ಪಿನ್ ತಲೆ ಎತ್ತಿ ನಿಂತಿತ್ತು.

ಮೂತಿಯ ಒಗಟು

ಮೂತಿಯ ಗೀರಿಗೆ ದಿಕ್ಕಿಲ್ಲ ಅನ್ನುವುದು ನನ್ನನ್ನು ಕಾಡಿತು. ದಡಕ್ಕೆ ಬಂದು ತಾಗಿದರೆ ಗೀರು ಮುಂದಿನಿಂದ ಹಿಂದಕ್ಕೆ ಇರಬೇಕು. ಹಾಗೆ ಬಂದು ತಾಗಿಸುವುದೂ ಇಲ್ಲ ಅಂತ ಅವನು ಆಣೆ ಮಾಡಿದ. ಅದನ್ನು ನಂಬಬಹುದಿತ್ತು. ಎಂಜಿನ್ ಓಡುವಾಗ ತಳದ ಕೆಳಗೆ ಕನಿಷ್ಠ 60 ಸೆಂಟಿಮೀಟರ್ ನೀರಿರಬೇಕು ಅಂತ ಕೈಪಿಡಿ ಹೇಳುತ್ತದೆ. ಇಲ್ಲದಿದ್ದರೆ ಪಂಪು ಕಲ್ಲನ್ನು ಎಳೆದುಕೊಳ್ಳುತ್ತದೆ, ಅದರೊಳಗೆ ತಿರುಗುವ ಇಂಪೆಲ್ಲರ್ ಹಾಳಾಗುತ್ತದೆ. ಅವನ ಇಂಪೆಲ್ಲರ್ ಅಂಚು ಚೆನ್ನಾಗಿಯೇ ಇತ್ತು.

ಉತ್ತರ ಸಿಕ್ಕಿದ್ದು ಹವಾಸುವಿನ ದಡದಲ್ಲಿ, ಅವನು ಊಟಕ್ಕೆ ನಿಲ್ಲಿಸುವ ಜಾಗದಲ್ಲಿ.

ಲೇಕ್ ಹವಾಸು ಸಹಜ ಕೆರೆಯಲ್ಲ. ಕೊಲರಾಡೋ ನದಿಗೆ 1938ರಲ್ಲಿ ಮುಗಿದ ಪಾರ್ಕರ್ ಅಣೆಕಟ್ಟಿನ ಹಿಂದೆ ನಿಂತ ನೀರು. ಫೀನಿಕ್ಸ್‌ನ ನಲ್ಲಿಗಳಿಗೆ ಬರುವ ನೀರಿನಲ್ಲಿ ಒಂದು ಪಾಲು ಇಲ್ಲಿಂದಲೇ ಪಂಪ್ ಆಗಿ ಬರುತ್ತದೆ. ಸುತ್ತ ಮರುಭೂಮಿ. ದಡದ ಬಹಳ ಕಡೆ ನಯವಾದ ಮರಳಿಲ್ಲ, ಜಲ್ಲಿಯಂಥ ಕಲ್ಲು. ಲಂಡನ್ನಿನಿಂದ ಬಿಚ್ಚಿ ತಂದು 1971ರಲ್ಲಿ ಮರುಜೋಡಿಸಿದ ಲಂಡನ್ ಬ್ರಿಡ್ಜ್ ಇಲ್ಲೇ ಇದೆ. ಜೆಟ್ ಸ್ಕೀ ಮಂದಿಗೆ ಮಾತ್ರ ಈ ಊರು ಅಂದರೆ ವಿಶ್ವ ಫೈನಲ್ಸ್. ಹಲವು ವರ್ಷ ಅಕ್ಟೋಬರಿನಲ್ಲಿ ಅವು ಇಲ್ಲೇ ನಡೆದವು.

ವಾರಾಂತ್ಯದಲ್ಲಿ ಇಲ್ಲಿ ದೊಡ್ಡ ದೊಡ್ಡ ಎಂಜಿನ್ ದೋಣಿಗಳ ಸಂತೆ. ಒಂದೊಂದು ದೋಣಿ ಹೋದಾಗಲೂ ಅಲೆ ದಡಕ್ಕೆ ಬರುತ್ತದೆ. ಗೆಳೆಯ ಎಂಜಿನ್ ನಿಲ್ಲಿಸಿ, ಇಳಿದು, ಸ್ಕೀಯ ಮೂತಿಯನ್ನು ಮಾತ್ರ ಜಲ್ಲಿಯ ಮೇಲೆ ಇಟ್ಟು, ಹಿಂಭಾಗ ನೀರಿನಲ್ಲಿ ತೇಲಲು ಬಿಟ್ಟು ಊಟಕ್ಕೆ ಕೂರುತ್ತಿದ್ದ. ನೋಡಲು ಜಾಣ ಉಪಾಯ. ಆದರೆ ಪ್ರತಿ ಅಲೆಗೂ ಹಿಂಭಾಗ ಏಳುತ್ತದೆ, ಇಳಿಯುತ್ತದೆ, ಪಕ್ಕಕ್ಕೆ ತಿರುಗುತ್ತದೆ. ಮೂತಿ ಕಲ್ಲಿನ ಮೇಲೆ ತಿರುಗುಣಿಯಾಗಿ ಅರೆಯುತ್ತಲೇ ಇರುತ್ತದೆ. ದಿಕ್ಕಿಲ್ಲದ ಗೀರು, ಸಣ್ಣ ಗುಂಡಿ, ಎಲ್ಲಕ್ಕೂ ಕಾರಣ ಅದೇ. ಒಂದು ಊಟದ ಹೊತ್ತಿನಲ್ಲಿ ಆಗುವ ಸವೆತ ದಡಕ್ಕೆ ಹತ್ತಾರು ಸಲ ತಾಗಿಸಿದರೂ ಆಗಲಿಕ್ಕಿಲ್ಲ.

ಜೊತೆಗೆ ಚಿಪ್ಪು. ಕ್ವಾಗಾ ಎಂಬ ಸಣ್ಣ ಚಿಪ್ಪುಜೀವಿ 2007ರ ಜನವರಿಯಲ್ಲಿ ಮೇಲಿನ ಲೇಕ್ ಮೀಡ್‌ನಲ್ಲಿ ಸಿಕ್ಕಿತು. ಅದೇ ಹೊತ್ತಿಗೆ ಹವಾಸುವಿನಲ್ಲೂ ಪತ್ತೆಯಾಯಿತು. ಈಗ ಕಲ್ಲು, ಕಂಬ, ಸರಪಳಿ ಎಲ್ಲಕ್ಕೂ ಅಂಟಿಕೊಂಡಿದೆ. ಸತ್ತ ಚಿಪ್ಪುಗಳು ದಡದ ಜಲ್ಲಿಯಲ್ಲಿ ಬೆರೆತಿರುತ್ತವೆ. ಬೆರಳುಗುರಿನಷ್ಟೇ ಗಾತ್ರ, ಅಂಚು ಮಾತ್ರ ಬ್ಲೇಡು. ಬರಿಗಾಲಲ್ಲಿ ತುಳಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಬೇಡ ಅಂದದ್ದು ಏಕೆ

ಈಗ ಅವನ ಒರಟು ಕೋಟಿಂಗಿಗೆ ಬರೋಣ. ಪಿಕಪ್ ತೊಟ್ಟಿಗೆ ಹೊಡೆಯುವ ಆ ಪಾಲಿಯುರೆಥೇನ್ ಲೇಪ ಗಟ್ಟಿ, ಅದರಲ್ಲಿ ಅನುಮಾನ ಇಲ್ಲ. ಅಲೆ ಹಾರಿ, ಕಲ್ಲಿನ ನಡುವೆ ಆಡುವ ಕೆಲವು ಸ್ಟ್ಯಾಂಡ್‌ಅಪ್ ಸವಾರರು ಇದನ್ನು ತಳಕ್ಕೆ ಹೊಡೆಸುತ್ತಾರೆ. ಅವರ ಲೆಕ್ಕಕ್ಕೆ ಅದು ಸರಿ. ಇವನು ಸಮ ನೀರಿನಲ್ಲಿ ವೇಗವಾಗಿ ಓಡಿಸುವವನು. ಒರಟು ತಳ ನೀರನ್ನು ಹಿಡಿಯುತ್ತದೆ, ಲೇಪ ತೂಕ ಸೇರಿಸುತ್ತದೆ. ನನಗೆ ಅದಕ್ಕಿಂತ ದೊಡ್ಡ ತಕರಾರು ಬೇರೆ. ಅದರ ಕೆಳಗೆ ಬಿರುಕು ಬಿಟ್ಟರೆ ಕಾಣುವುದಿಲ್ಲ. ಸೂಪರ್‌ಜೆಟ್‌ನ ಒಳಗೆ ತೇಲಲು ಫೋಮ್ ತುಂಬಿರುತ್ತಾರೆ. ಬಿರುಕಿನಿಂದ ನೀರು ಇಳಿದು ಫೋಮ್ ಒದ್ದೆಯಾದರೆ ಸ್ಕೀ ದಿನೇ ದಿನೇ ಭಾರವಾಗುತ್ತದೆ, ಆ ನೀರು ಸುಲಭಕ್ಕೆ ಹೊರಗೆ ಬರುವುದಿಲ್ಲ. ತಳ ಕಣ್ಣಿಗೆ ಕಾಣುತ್ತಿರಬೇಕು ಅನ್ನುವುದು ನನ್ನ ಹಠ. ಲೇಪವನ್ನು ವಾಪಸ್ ತೆಗೆಯಬೇಕಾದರೆ ಉಜ್ಜಿ ಉಜ್ಜಿ ಕೈ ಬಿದ್ದುಹೋಗುತ್ತದೆ.

ಕಾರಿಗೆ ಅಂಟಿಸುವ ಪಾರದರ್ಶಕ ಪಿಪಿಎಫ್ ಹಾಳೆ ಎರಡನೇ ಯೋಚನೆ. ಸುಮಾರು 200 ಮೈಕ್ರಾನ್ ದಪ್ಪ. ಬಂಕಿನ ಮಸುಕನ್ನು ಅದು ತಡೆಯುತ್ತದೆ. ಜಲ್ಲಿಯನ್ನು ತಡೆಯುವುದಿಲ್ಲ. ತಳದ ತಿರುವುಗಳ ಮೇಲೆ ಸುಕ್ಕಿಲ್ಲದೆ ಕೂರಿಸುವುದೂ ಕಷ್ಟ, ಹಾಗೂ ಹೀಗೂ ಕೂರಿಸಿದರೆ ವೇಗದಲ್ಲಿ ಅಂಚು ಏಳುತ್ತದೆ. ಬಂಕನ್ನೇ ಸರಿಮಾಡಿದರೆ ಹಾಳೆಯ ಅಗತ್ಯವೇ ಇಲ್ಲ.

ಮೂರನೆಯದು ಕೀಲ್ ಗಾರ್ಡ್. ದೋಣಿಯ ತಳದ ನಡುಗೆರೆಗೆ ಅಂಟಿಸುವ ದಪ್ಪ ಪ್ಲಾಸ್ಟಿಕ್ ಪಟ್ಟಿ. ಮೂತಿಯಿಂದ ಹಿಂದಿನವರೆಗೂ ಪೂರ್ತಿ ಅಂಟಿಸೋಣ ಅಂದ ಗೆಳೆಯ. ಇಲ್ಲಿ ನಿಲ್ಲಿಸಿ ಸ್ವಲ್ಪ ಹೇಳಬೇಕು, ಯಾಕೆಂದರೆ ದೋಣಿಗೆ ಸರಿಯಾದದ್ದು ಜೆಟ್ ಸ್ಕೀಗೆ ಸರಿಯಲ್ಲ.

ಸಾಮಾನ್ಯ ದೋಣಿಯ ಪ್ರೊಪೆಲ್ಲರ್ ತಳದಿಂದ ಕೆಳಗೆ, ಹಿಂದೆ, ತುಂಬು ನೀರಿನಲ್ಲಿ ತಿರುಗುತ್ತದೆ. ಜೆಟ್ ಸ್ಕೀಯದು ಒಳಗಿದೆ. ತಳದ ಹಿಂಭಾಗದಲ್ಲಿ ಒಂದು ಬಾಯಿ, ಅದಕ್ಕೊಂದು ಜಾಲರಿ. ತಳವನ್ನು ಸವರಿಕೊಂಡು ಬರುವ ನೀರೇ ಆ ಬಾಯಿಯಿಂದ ಒಳಗೆ ಹೋಗಿ 144 ಮಿಲಿಮೀಟರ್ ಪಂಪಿಗೆ ಸಿಗುತ್ತದೆ. ಪಂಪು ಅದನ್ನು ಹಿಂದಕ್ಕೆ ಚಿಮ್ಮಿದರೆ ಗಾಡಿ ಮುಂದಕ್ಕೆ. ಬಾಯಿಗೆ ಬರುವ ನೀರು ಶಾಂತವಾಗಿ, ಗಾಳಿ ಇಲ್ಲದೆ ಬರಬೇಕು. ಬಾಯಿಯ ಮುಂದೆ ಒಂದು ಪಟ್ಟಿಯ ಮೊಂಡು ತುದಿ ಇದ್ದರೆ ಅದರ ಹಿಂದೆ ನೀರು ಕಲಕುತ್ತದೆ, ಗುಳ್ಳೆ ಏಳುತ್ತದೆ. ಗುಳ್ಳೆ ಪಂಪಿಗೆ ಹೋದರೆ ಇಂಪೆಲ್ಲರ್ ಬರಿ ಗಾಳಿಯಲ್ಲಿ ಸುತ್ತುತ್ತದೆ. ಎಂಜಿನ್ ಕಿರುಚುತ್ತದೆ, ಸ್ಕೀ ಎಳೆಯುವುದಿಲ್ಲ. ಸವಾರರು ಇದನ್ನು 'ಕ್ಯಾವಿಟೇಶನ್' ಅನ್ನುತ್ತಾರೆ. ಪಂಪಿಗೆ ಗಾಳಿ ನುಗ್ಗುವುದು ಬೇರೆ, ಕ್ಯಾವಿಟೇಶನ್ ಬೇರೆ. ಸವಾರನಿಗೆ ಎರಡರಲ್ಲೂ ಸಿಗುವ ಅನುಭವ ಒಂದೇ ಆದ್ದರಿಂದ ಜಗಳ ಬೇಡ.

ಹಾಗಾಗಿ ಪಟ್ಟಿ ಬೇಕು, ಆದರೆ ಮೂತಿಗೆ ಮಾತ್ರ. ಸ್ಕೀ ವೇಗ ಹಿಡಿದಾಗ ಮೂತಿ ನೀರಿನಿಂದ ಮೇಲೆದ್ದಿರುತ್ತದೆ. ಅಲ್ಲಿ ಏನು ಅಂಟಿಸಿದರೂ ಪಂಪಿಗೆ ಗೊತ್ತಾಗುವುದಿಲ್ಲ. ಅದೃಷ್ಟಕ್ಕೆ ಕಲ್ಲು ತಾಗುವ ಜಾಗವೂ ಅದೇ.

ಮಾಡಿದ ಕೆಲಸ

ರಿಪೇರಿ ಮೊದಲು. ಎಸ್‌ಎಂಸಿಯಲ್ಲಿ ಒಂದು ತೊಡಕಿದೆ. ಅಚ್ಚಿನಿಂದ ಬಿಟ್ಟುಬರಲಿ ಅಂತ ಮಿಶ್ರಣದೊಳಗೇ ಜಾರುವ ಪದಾರ್ಥ ಸೇರಿಸಿರುತ್ತಾರೆ. ಅದಕ್ಕೇ ಅಂಗಡಿಯಲ್ಲಿ ಸಿಗುವ ಅಗ್ಗದ ಪಾಲಿಎಸ್ಟರ್ ಪುಟ್ಟಿ ಇದರ ಮೇಲೆ ಸರಿಯಾಗಿ ಕಚ್ಚುವುದಿಲ್ಲ. ಕೆಲವು ತಿಂಗಳಿಗೆ ಚಕ್ಕೆಯಾಗಿ ಎದ್ದುಬರುತ್ತದೆ. ಎಪಾಕ್ಸಿಯೇ ಬೇಕು, ಅದೂ ಚೆನ್ನಾಗಿ ಒರಟು ಮಾಡಿದ ಮೇಲೆ.

ಕ್ರಮವೂ ಮುಖ್ಯ. ಮೊದಲು ತೊಳೆದು, ವ್ಯಾಕ್ಸ್ ಮತ್ತು ಎಣ್ಣೆ ತೆಗೆಯುವ ದ್ರಾವಣದಿಂದ ಒರೆಸಬೇಕು. ಆಮೇಲೆ ಉಜ್ಜಬೇಕು. ತಿರುಗಾಮುರುಗಾ ಮಾಡಿದರೆ ವ್ಯಾಕ್ಸನ್ನು ನಾವೇ ಗೀರಿನೊಳಕ್ಕೆ ಉಜ್ಜಿ ಕೂರಿಸಿದ ಹಾಗೆ. ಮೂತಿಯ ಜಾಗವನ್ನು 80ರ ಉಪ್ಪುಕಾಗದದಲ್ಲಿ ಗಟ್ಟಿ ಪದಾರ್ಥ ಸಿಗುವವರೆಗೆ ಉಜ್ಜಿದೆ. ಎದ್ದ ನಾರುಗಳೆಲ್ಲ ಹೋದವು. ಗಾಜಿನ ನಾರಿನ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ನಂತರ ಸ್ಕೀಯನ್ನು ಕೆಲವು ದಿನ ಸುಮ್ಮನೆ ಒಣಗಲು ಬಿಟ್ಟೆವು. ಒದ್ದೆ ನಾರಿನ ಮೇಲೆ ಎಪಾಕ್ಸಿ ಹಾಕಿದರೆ ನೀರನ್ನು ಒಳಗೆ ಬೀಗ ಹಾಕಿ ಇಟ್ಟ ಹಾಗೆ. ಅರಿಜೋನಾದ ಒಣ ಗಾಳಿಗೆ ಇಲ್ಲಿ ಒಂದು ನಮಸ್ಕಾರ.

ಆಳದ ಜಾಗಕ್ಕೆ ಎಪಾಕ್ಸಿಯಲ್ಲಿ ತೆಳು ಗಾಜಿನ ಬಟ್ಟೆಯ ತೇಪೆ, ಮೇಲೆ ಫಿಲ್ಲರ್ ಬೆರೆಸಿದ ಎಪಾಕ್ಸಿ. ಸ್ಟೇಪಲ್ ಪಿನ್ನಿನ ಗೆರೆಗೂ ಹಿಂಭಾಗದ ಎಳೆದ ಗೀರುಗಳಿಗೂ ಬರೀ ಫಿಲ್ಲರ್ ಸಾಕಾಯಿತು. ಕೆಲವು ಎಪಾಕ್ಸಿಗಳು ಗಟ್ಟಿಯಾದಾಗ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ನೀರಿನಲ್ಲಿ ಸ್ಕ್ರಬ್ಬರ್ ಹಾಕಿ ತೊಳೆದ ಮೇಲೆಯೇ ಬಣ್ಣ. ಎಪಾಕ್ಸಿಗೆ ಬಿಸಿಲು ಆಗುವುದಿಲ್ಲ, ಬಣ್ಣ ಹೊಡೆಯದೆ ಬಿಟ್ಟರೆ ಹಳದಿಯಾಗಿ ಪುಡಿಯಾಗುತ್ತದೆ. ಎರಡು ಭಾಗ ಬೆರೆಸುವ ಪಾಲಿಯುರೆಥೇನ್ ಬಣ್ಣ ಹೊಡೆದೆ.

ಬಂಕಿನ ಮಸುಕು ಪಟ್ಟೆಗಳನ್ನು ನಾನು ಮುಟ್ಟಲಿಲ್ಲ. ಇದಕ್ಕೆ ಗೆಳೆಯ ಮುಖ ಸಣ್ಣ ಮಾಡಿದ. ವಾಟರ್ ಪೇಪರ್ ಹಾಕಿ, ಪಾಲಿಶ್ ಮಾಡಿ ಕನ್ನಡಿ ಮಾಡಬಹುದಿತ್ತು. ಆದರೆ ಪಾಲಿಶ್ ಅಂದರೆ ಬಣ್ಣವನ್ನು ತೆಳುಮಾಡುವುದು. ಉಗುರಿಗೂ ಸಿಗದ ಗೀರಿಗಾಗಿ ಇರುವ ತೆಳು ಬಣ್ಣವನ್ನು ಇನ್ನೂ ತೆಳು ಮಾಡುವುದು ನನಗೆ ಸರಿಬರಲಿಲ್ಲ. ಆ ಮಸುಕು ಗಾಡಿಯ ಓಟಕ್ಕೆ ಏನೂ ಮಾಡುವುದಿಲ್ಲ.

ಮೂತಿಯ ಪಟ್ಟಿ ಸುಮಾರು 45 ಸೆಂಟಿಮೀಟರ್. ಹಿಂದಿನ ತುದಿಯನ್ನು ಇಳಿಜಾರಾಗಿ ಹೆರೆದು ತಳಕ್ಕೆ ಸೇರಿಸಿದೆ. ಅಂಟು ವಿಎಚ್‌ಬಿ ಟೇಪಿನದು. ಒತ್ತಿದರೆ ಹಿಡಿಯುವ ಅಂಟು ಇದು, ಒಣಗುವ ಅಂಟಲ್ಲ. ಹಾಗಾಗಿ ಮೇಲ್ಮೈ ಶುದ್ಧವಾಗಿರಬೇಕು. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅಷ್ಟೇ ನೀರು ಬೆರೆಸಿ ಒರೆಸಿ, ರೋಲರಿನಲ್ಲಿ ಬಲವಾಗಿ ಒತ್ತಬೇಕು. ಅಂಟಿಸಲು 21ರಿಂದ 38 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು. ಪೂರ್ತಿ ಬಲ ಬರಲು 72 ಗಂಟೆ. ಅರಿಜೋನಾ ಬೇಸಿಗೆಯ ಮಧ್ಯಾಹ್ನ ಅಂಗಳದಲ್ಲಿ ಈ ಕೆಲಸ ಸಾಧ್ಯವೇ ಇಲ್ಲ. ಚಳಿಗಾಲ ಶುರುವಾಗುವವರೆಗೆ ಕಾದೆವು. ಹೊಸ ಬಣ್ಣ ಪೂರ್ತಿ ಗಟ್ಟಿಯಾಗಲೂ ಅಷ್ಟು ಸಮಯ ಬೇಕಿತ್ತು. ಹಸಿ ಬಣ್ಣದ ಮೇಲೆ ಅಂಟಿಸಿದರೆ ಪಟ್ಟಿ ಏಳುವಾಗ ಬಣ್ಣವನ್ನೂ ಕರೆದುಕೊಂಡು ಏಳುತ್ತದೆ.

ಬಂಕಿನ ಕಾರ್ಪೆಟ್ಟನ್ನು ಕಸಕ್ಕೆ ಹಾಕಿದೆವು. ಬದಲಿಗೆ ಯುಎಚ್‌ಎಂಡಬ್ಲ್ಯು ಪಾಲಿಎಥಿಲೀನ್ ಪಟ್ಟಿಗಳು. ಕನ್ವೇಯರ್ ಯಂತ್ರಗಳಲ್ಲಿ ಬಳಸುವ ಜಾರು ಪ್ಲಾಸ್ಟಿಕ್. ಮರಳು ಇದರೊಳಗೆ ಅವಿತುಕೊಳ್ಳಲು ಜಾಗವಿಲ್ಲ, ಒಂದು ಬಕೆಟ್ ನೀರು ಸುರಿದರೆ ಹೋಗುತ್ತದೆ. ಇದಕ್ಕೆ ಅಂಟು ಹಿಡಿಯುವುದಿಲ್ಲ, ಸ್ಕ್ರೂ ಹಾಕಬೇಕು, ತಲೆ ಮೇಲ್ಮೈಯಿಂದ ಚೆನ್ನಾಗಿ ಕೆಳಗೆ ಹೂತಿರಬೇಕು. ಇನ್ನೊಂದು ಮಾತು. ಈ ಪ್ಲಾಸ್ಟಿಕ್ ಬಿಸಿಗೆ ಬಹಳ ಹಿಗ್ಗುತ್ತದೆ. 1.8 ಮೀಟರ್ ಪಟ್ಟಿ 40 ಡಿಗ್ರಿ ವ್ಯತ್ಯಾಸಕ್ಕೆ ಒಂದು ಸೆಂಟಿಮೀಟರಿಗೂ ಜಾಸ್ತಿ ಬೆಳೆಯುತ್ತದೆ. ಗುಂಡು ತೂತು ಕೊರೆದು ಬಿಗಿದರೆ ನಡುವೆ ಉಬ್ಬುತ್ತದೆ. ಉದ್ದ ತೂತು ಕೊರೆಯಬೇಕು. ಜಾರು ಬಂಕಿಗೆ ಒಂದು ಅಪಾಯವೂ ಇದೆ: ನೀರಿಗೆ ಇಳಿಸುವ ರ‍್ಯಾಂಪಿನಲ್ಲಿ ಮೂತಿಯನ್ನು ಹಿಡಿದಿರುವ ಮುಂದಿನ ವಿಂಚ್ ಪಟ್ಟಿ ಬಿಚ್ಚಿದ ಕೂಡಲೇ ಸ್ಕೀ ತಾನಾಗಿ ಜಾರಿ ಕಾಂಕ್ರೀಟಿಗೆ ಬೀಳಬಹುದು. ಹಿಂಭಾಗ ತೇಲುವವರೆಗೆ ಪಟ್ಟಿ ಬಿಚ್ಚಬಾರದು ಅಂತ ಅವನಿಗೆ ಹೇಳಿ ಹೇಳಿ ಬಾಯಿ ನೋವು ಬಂತು.

ಬಂಕಿನ ಬದಲು ಉರುಳುವ ರೋಲರ್ ಹಾಕಬಹುದಲ್ವಾ ಅಂತ ಕೇಳುವವರಿಗೆ: ಬೇಡ. ತೂಕವೆಲ್ಲ ಕೆಲವೇ ಬಿಂದುಗಳ ಮೇಲೆ ಬೀಳುತ್ತದೆ. ತೆಳು ತಳಕ್ಕೆ ಅದು ಗೀರಿಗಿಂತ ಕೆಟ್ಟದ್ದು.

ಉಳಿದದ್ದು ಅಭ್ಯಾಸ. ಊಟಕ್ಕೆ ನಿಲ್ಲಿಸುವಾಗ ಮೂತಿಯನ್ನು ದಡಕ್ಕೆ ಇಡುವುದು ಬಂದ್. ಸೊಂಟದ ಆಳದ ನೀರಿನಲ್ಲಿ ಮರಳು ತುಂಬುವ ಚೀಲದ ಲಂಗರು, ಅದಕ್ಕೆ ಸ್ವಲ್ಪ ಹಿಗ್ಗುವ ಹಗ್ಗ. ಅಲೆ ಬಂದರೆ ಸ್ಕೀ ತೇಲಿ ಕುಣಿಯುತ್ತದೆ, ಅಷ್ಟೇ. ದಡಕ್ಕೆ ತರಲೇಬೇಕಾದರೆ ದಪ್ಪ ಗಾಳಿ ಟಯರಿನ ಎರಡು ಚಕ್ರದ ಬೀಚ್ ಕಾರ್ಟ್. ಪಂಪು ನೋಡಲು ಮಲಗಿಸುವುದಾದರೆ ಹಳೆಯ ಯೋಗಾ ಮ್ಯಾಟ್. ಟ್ರೈಲರಿನಲ್ಲಿ ಸ್ಕೀ ಕಟ್ಟುವ ಪಟ್ಟಿಯನ್ನು ಅಲುಗದಂತೆ ಬಿಗಿಯುವುದು, ಆ ಪಟ್ಟಿ ಸ್ಕೀಯ ಅಂಚಿಗೆ ಉಜ್ಜುವ ಕಡೆ ಬಟ್ಟೆಯ ತೋಳು ತೊಡಿಸುವುದು. ಕ್ವಾಗಾ ಹರಡದಿರಲಿ ಅಂತ ಅರಿಜೋನಾದಲ್ಲಿ ಹೇಗೂ ಗಾಡಿಯನ್ನು ತೊಳೆದು, ನೀರು ಹರಿಸಿ, ಒಣಗಿಸಬೇಕು. ಆಗ ನೀರು ಹಾಯಿಸುವ ಮೊದಲೇ ಟವೆಲ್ ಹಿಡಿದು ಒರೆಸಬಾರದು. ಟವೆಲ್ಲಿಗೆ ಸಿಕ್ಕ ಮರಳೂ ಮರಳೇ.

ಒಂದು ಸೀಸನ್ ಆದ ಮೇಲೆ

ಮತ್ತೆ ಗೈಡ್ ಕೋಟ್ ಸವರಿ ನೋಡಿದೆವು. ಬಂಕಿನ ಪಟ್ಟೆಗಳು ಇದ್ದಷ್ಟೇ ಇವೆ, ಬೆಳೆದಿಲ್ಲ. ಎಪಾಕ್ಸಿ ತೇಪೆ ಎಲ್ಲೂ ಎದ್ದಿಲ್ಲ. ಹಿಂಭಾಗದ ನಡುಗೆರೆಯಲ್ಲಿ ಹೊಸದಾಗಿ ಏನೂ ಇಲ್ಲ. ಇದಕ್ಕೆ ಪೂರ್ತಿ ಶ್ರೇಯಸ್ಸು ಕಾರ್ಟಿನದು. ಪಂಪು ಗಾಳಿ ಹಿಡಿಯುವ ಲಕ್ಷಣ ಒಮ್ಮೆಯೂ ಕಾಣಲಿಲ್ಲ ಅನ್ನುತ್ತಾನೆ ಗೆಳೆಯ.

ಮೂತಿಯ ಪಟ್ಟಿಯ ಮೇಲೆ ಗೀರುಗಳಿವೆ. ಅವು ಇರಬೇಕಾದ್ದೇ ಅಲ್ಲಿ. ಆದರೆ ನಾನು ಅಂದುಕೊಂಡದ್ದಕ್ಕಿಂತ ಕಡಿಮೆ. ಲಂಗರು ಚೀಲವೇ ಕೆಲಸದ ಬಹುಪಾಲು ಮಾಡಿದೆ, ಪಟ್ಟಿ ಸುಮ್ನೆ ಜೊತೆಗಿತ್ತು ಅಂತ ಈಗ ಅನ್ನಿಸುತ್ತದೆ. ಯಾರಾದರೂ ಎರಡರಲ್ಲಿ ಒಂದನ್ನೇ ಕೊಳ್ಳುತ್ತೇನೆ ಅಂದರೆ ಚೀಲ ಕೊಳ್ಳಿ ಅನ್ನುತ್ತೇನೆ. ಅದು ಅಗ್ಗವೂ ಹೌದು.

ಪಟ್ಟಿಯ ಹಿಂದಿನ ಎರಡು ಮೂಲೆಗಳ ಪೈಕಿ ಒಂದು ಮೂಲೆ ಸ್ವಲ್ಪ ಎದ್ದಿತ್ತು. ಇಳಿಜಾರು ಮಾಡಿದ್ದರೂ ಮೂಲೆ ಚೌಕವಾಗಿಯೇ ಇತ್ತು, ನೀರು ಅಲ್ಲಿಗೆ ಉಗುರು ಹಾಕುತ್ತದೆ. ಎದ್ದ ಮೂಲೆಯನ್ನು ಕತ್ತರಿಸಿ ಗುಂಡಗೆ ಮಾಡಿ, ಅಂಚಿಗೆ ತೆಳುವಾಗಿ ಸಮುದ್ರಬಳಕೆಯ ಸೀಲಂಟ್ ಎಳೆದೆ. ಇನ್ನೊಂದು ಮೂಲೆಯನ್ನೂ ಏಳುವ ಮೊದಲೇ ಗುಂಡಗೆ ಮಾಡಿದೆ.

ಹೊಸ ಗೀರು ಒಂದೇ ಒಂದು, ಬಲ ಅಂಚಿನಲ್ಲಿ. ಇಷ್ಟು ವರ್ಷ ಹೊಸದರಂತಿದ್ದ ಅದೇ ಅಂಚು. ಪೆಟ್ರೋಲ್ ಹಾಕಿಸುವ ಕಟ್ಟೆಯಲ್ಲಿ ಒಂದು ಬೋಲ್ಟ್ ಹೊರಗೆ ಚಾಚಿಕೊಂಡಿತ್ತಂತೆ. ಗೀರು ಬಣ್ಣವನ್ನಷ್ಟೇ ದಾಟಿದೆ, ನಾರು ಮುಟ್ಟಿಲ್ಲ. ಚಳಿಗಾಲದ ಕೆಲಸಕ್ಕೆ ಇಟ್ಟುಕೊಂಡಿದ್ದೇವೆ. ಅಲ್ಲಿಯವರೆಗೆ ಕಟ್ಟೆಗೆ ತಾಗದಂತೆ ನಡುವೆ ಇಡುವ ಒಂದು ಸಣ್ಣ ಫೆಂಡರ್ ಬಲೂನು ಕೊಂಡು ಸ್ಕೀ ಜೊತೆ ಕಟ್ಟಿಕೊಂಡು ಹೋಗು ಅಂದೆ. "ಇಷ್ಟು ಚಿಕ್ಕ ಗಾಡಿಗೆ ಅದನ್ನೆಲ್ಲಿ ಕಟ್ಟಲಿ ಮಾರಾಯ?" ಅಂದ. ಪ್ರಶ್ನೆ ನ್ಯಾಯವಾದದ್ದೇ. ಸದ್ಯಕ್ಕೆ ಕಟ್ಟೆಯಿಂದ ಎರಡು ಮಾರು ದೂರ ನಿಲ್ಲಿಸಿ, ನೀರಿಗೆ ಇಳಿದು ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದಾನೆ.